ಕೈಗಾರಿಕಾ ಯುಗದ ವಿಚಾರಗಳು: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ

ಈಗ ಹಾವೇರಿ ಜಿಲ್ಲೆಗೆ ಸೇರಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಕೈಗಾರಿಕಾ ಯುಗದ ಕುರುಹಾಗಿ ದೊಡ್ಡ ಕಾರ್ಖಾನೆಗಳನ್ನು ಹುಡುಕಿದರೆ ಸಿಗುವುದಿಲ್ಲ. ಹತ್ತಿಯ ಗಿರಣಿಗಳು ಎದ್ದದ್ದು ಹುಬ್ಬಳ್ಳಿ, ಗದಗ ಕಡೆಗೆ. ಆದರೆ 19ನೆಯ ಶತಮಾನದ ಯುರೋಪನ್ನು ಕಟ್ಟಿದ ಅರ್ಥಶಾಸ್ತ್ರ, ವಿಜ್ಞಾನ ಮತ್ತು ಸಮಾಜಚಿಂತನೆಗಳು ಇಲ್ಲಿಯ ಹೊಲಗದ್ದೆಗಳನ್ನು ಗಿರಣಿಗಿಂತ ಮೊದಲೇ ಮುಟ್ಟಿದವು. ಹೊಲದ ಅಳತೆ, ಬೀಜ, ಸಾಲ, ಒಡೆತನ ಎಲ್ಲವೂ ಅವುಗಳಿಂದ ಬದಲಾದವು. 1818ರಲ್ಲಿ ಪೇಶ್ವೆ ಆಡಳಿತ ಮುಗಿದ ಮೇಲೆ ಈ ಸೀಮೆ ಕಂಪನಿ ಸರ್ಕಾರದ ಕೈಸೇರಿತು. ಮುಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಶಿಗ್ಗಾಂವಿಯು ಬಂಕಾಪುರ ತಾಲ್ಲೂಕಿನ, ಹಿರೇಕೆರೂರು ಕೋಡ ತಾಲ್ಲೂಕಿನ ಕಚೇರಿ ಊರುಗಳಾದವು. ಹಾನಗಲ್ಲ ತನ್ನ ಹೆಸರಿನಲ್ಲೇ ತಾಲ್ಲೂಕಾಗಿ ಉಳಿಯಿತು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿತ್ತು.

ಮೊದಲು ಬಂದದ್ದು ಭೂಬಾಡಿಗೆಯ ಸಿದ್ಧಾಂತ. ಡೇವಿಡ್ ರಿಕಾರ್ಡೋ 1817ರ ತನ್ನ ಗ್ರಂಥದಲ್ಲಿ, ಫಲವತ್ತಾದ ಭೂಮಿಗೂ ಬಡ ಭೂಮಿಗೂ ಇರುವ ಇಳುವರಿಯ ಅಂತರವೇ ಬಾಡಿಗೆ ಎಂದು ವಾದಿಸಿದ್ದ. ಆ ಅಂತರ ರೈತನ ದುಡಿಮೆಯಿಂದ ಹುಟ್ಟಿದ್ದಲ್ಲವಾದ್ದರಿಂದ ಅದರ ಮೇಲೆ ತೆರಿಗೆ ಹಾಕಿದರೆ ಬೇಸಾಯಕ್ಕೆ ಪೆಟ್ಟಿಲ್ಲ ಎಂದು ಲಂಡನ್ನಿನ ಕಂಪನಿ ಕಚೇರಿಯಲ್ಲಿದ್ದ ಜೇಮ್ಸ್ ಮಿಲ್ ನಂಬಿದ್ದ. ಮಾಲ್ಥಸ್‌ನ ಕೈಕೆಳಗೆ ಹೇಲಿಬರಿ ಕಾಲೇಜಿನಲ್ಲಿ ಕಲಿತ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದಲ್ಲಿ ಪುಣೆ ಸೀಮೆಯಲ್ಲಿ ಇದನ್ನು ಅಕ್ಷರಶಃ ಜಾರಿಗೆ ತರಲು ಹೋಗಿ ಸೋತ. ಹೊಲಹೊಲದ ನಿವ್ವಳ ಉತ್ಪನ್ನ ಲೆಕ್ಕಹಾಕುವುದು ಆಗದ ಮಾತಾಗಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಅದನ್ನು ಕೈಬಿಟ್ಟು ಮಣ್ಣನ್ನೇ ನೋಡಿ ದರ ಕಟ್ಟುವ ಸುಲಭ ಪದ್ಧತಿ ರೂಪಿಸಿದರು. 1840ರ ದಶಕದಲ್ಲಿ ವಿಂಗೇಟ್ ಉಸ್ತುವಾರಿಯ ಸರ್ವೆ ಧಾರವಾಡ ಸೀಮೆಯಲ್ಲಿ ನಡೆಯಿತು. 1847ರ ಜಂಟಿ ವರದಿ ಅದರ ನಿಯಮಗಳನ್ನು ಸ್ಥಿರಪಡಿಸಿತು.

ಆ ಪದ್ಧತಿಯ ಕೆಲಸವನ್ನು ಹತ್ತಿರದಿಂದ ನೋಡಬೇಕು. 33 ಅಡಿ ಉದ್ದದ ಸರಪಳಿ ಹಿಡಿದು ಅಳೆದರೆ ಅದರ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಜೋಡಿ ಎತ್ತು ಉಳಬಹುದಾದಷ್ಟು ನೆಲಕ್ಕೆ ಒಂದು ಸರ್ವೆ ನಂಬರು, ಮೂಲೆಗೆ ಬಾಂದುಗಲ್ಲು. ಆಮೇಲೆ ಹೊಲದಲ್ಲಿ ಅಗೆದು ಮಣ್ಣಿನ ಆಳ ನೋಡುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ, ಒಂದೇ ಹದದ ನಯವಾದ ಎರೆಮಣ್ಣಿಗೆ 16 ಆಣೆ. ಆಳ ಕಡಿಮೆಯಾದಂತೆ 14, 12, 10 ಆಣೆ ಎಂದು ದರ್ಜೆ ಇಳಿಯುತ್ತಿತ್ತು. ಸುಣ್ಣದ ಹರಳು, ಮರಳು, ಇಳಿಜಾರು, ನೀರು ನಿಲ್ಲುವ ತಗ್ಗು ಇವೆಲ್ಲ ದೋಷಗಳು. ಒಂದೊಂದು ದೋಷಕ್ಕೂ ದರ್ಜೆ ಇಳಿಕೆ. ಹಾನಗಲ್ಲ, ಕೋಡ ತಾಲ್ಲೂಕುಗಳು ಮಲೆನಾಡಿನ ಸೆರಗಿನಲ್ಲಿದ್ದು ಕೆರೆ ನೀರಿನ ಭತ್ತದ ಗದ್ದೆಗಳಿಂದ ತುಂಬಿದ್ದರಿಂದ ಅಲ್ಲಿ ತರಿ ಜಮೀನಿಗೆ ಬೇರೆಯೇ ಲೆಕ್ಕ ಬೇಕಾಯಿತು. ಹೀಗೆ ಕಟ್ಟಿದ ಕಂದಾಯದ ಆಕಾರವನ್ನು 30 ವರ್ಷ ಬದಲಿಸುವಂತಿರಲಿಲ್ಲ.

ರೈತನಿಗೆ ಇದರಿಂದ ಒಂದು ನಿಶ್ಚಿಂತೆ ಸಿಕ್ಕಿದ್ದು ನಿಜ. ಮಾಮಲೇದಾರನ ಮರ್ಜಿ ಹೋಗಿ ದಾಖಲೆಯ ದರ ಬಂತು. ಆದರೆ ಮಾರಬಹುದಾದ, ಒತ್ತೆ ಇಡಬಹುದಾದ ಜಮೀನಿನ ಮೇಲೆ ಸಾಹುಕಾರನ ಕಣ್ಣು ಬಿದ್ದದ್ದೂ ಅಷ್ಟೇ ನಿಜ. ಮಳೆ ಬರಲಿ ಬಿಡಲಿ, ಪೇಟೆಯಲ್ಲಿ ಧಾರಣೆ ಇರಲಿ ಇಲ್ಲದಿರಲಿ, ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕಿತ್ತು. 1929ರ ನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ಮಾಲಿನ ಬೆಲೆ ನೆಲಕಚ್ಚಿದಾಗ ಈ ಲೆಕ್ಕದ ಕ್ರೌರ್ಯ ಬಯಲಾಯಿತು. ಕಾನೂನು ಭಂಗ ಚಳವಳಿಯ ಕಾಲಕ್ಕೆ ಅಂಕೋಲಾ, ಸಿದ್ದಾಪುರಗಳ ಜೊತೆಗೆ ಹಿರೇಕೆರೂರು ತಾಲ್ಲೂಕಿನ ರೈತರೂ ಕರನಿರಾಕರಣೆಗೆ ಇಳಿದರು. 1943ರ ಏಪ್ರಿಲ್ 1ರಂದು ಪಕ್ಕದ ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಮೈಲಾರ ಮಹದೇವಪ್ಪ ಮತ್ತು ಇಬ್ಬರು ಸಂಗಡಿಗರು ಪೊಲೀಸರ ಗುಂಡಿಗೆ ಬಲಿಯಾದದ್ದೂ ಸರ್ಕಾರ ಸಂಗ್ರಹಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗಲೇ.

ಹತ್ತಿಯ ಕಥೆ ಇನ್ನೂ ದೂರದಿಂದ ಬಂದದ್ದು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿ ಕಂಪನಿ 1840ರಲ್ಲಿ ಅಮೆರಿಕದ ತೋಟಗಾರರನ್ನು ಭಾರತಕ್ಕೆ ಕರೆಸಿತು. ಧಾರವಾಡದ ಕಲೆಕ್ಟರ್ ಶಾ ಅವರ ಆಸಕ್ತಿಯಿಂದ ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗ ನಡೆದು, ನ್ಯೂ ಆರ್ಲಿಯನ್ಸ್ ಬೀಜ ಇಲ್ಲಿಯ ಮಣ್ಣಿಗೆ ಒಗ್ಗಿತು. ಅದೇ ಮುಂದೆ ಧಾರವಾಡ-ಅಮೆರಿಕನ್ ಎಂದು ಹೆಸರಾಯಿತು. ನಾಡ ಹತ್ತಿಯನ್ನು ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು. ಬೀಜಕ್ಕೆ ಬಿಗಿಯಾಗಿ ಅಂಟಿದ ಅಮೆರಿಕನ್ ಎಳೆಗೆ ಆ ಉಪಾಯ ಒಗ್ಗದೆ ಗರಗಸ ಹಲ್ಲಿನ ಜಿನ್ ಬೇಕಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಧಾರಣೆ ಗಗನಕ್ಕೇರಿತು. ಗಾಡಿಗಳು ಘಟ್ಟ ಇಳಿದು ಕುಮಟಾ, ಕಾರವಾರಗಳ ಕಡೆ ಸಾಲುಗಟ್ಟಿದವು. ನಾಡ ಹತ್ತಿಯನ್ನು ಅಮೆರಿಕನ್ನಿನೊಡನೆ ಬೆರೆಸಿ ಮಾರುವ ಮೋಸ ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಸಾಲ ಉಳಿಯಿತು. ಗುಲಾಮರ ದುಡಿಮೆಯ ತೋಟಗಳಿಂದ ಬಂದ ಬೀಜ, ಆ ಗುಲಾಮಗಿರಿಯ ಮೇಲಿನ ಯುದ್ಧದಿಂದ ಏರಿದ ಬೆಲೆ: ಧಾರವಾಡ ಸೀಮೆಯ ಒಕ್ಕಲಿಗನ ಲಾಭನಷ್ಟ ತಾನೆಂದೂ ನೋಡದ ನಾಡಿನ ನ್ಯಾಯಾನ್ಯಾಯಕ್ಕೆ ಗಂಟುಬಿದ್ದದ್ದು ಆಗಲೇ.

ಈ ಬದಲಾವಣೆಯನ್ನು ಕಣ್ಣಾರೆ ಕಂಡು ಹಾಡಾಗಿಸಿದವರು ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಷರೀಫರು (1819–1889). ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದ ಅವರು ಗಿರಣಿಯನ್ನು ಕುರಿತೇ ತತ್ವಪದ ಕಟ್ಟಿದರು. ಉಗಿಯಂತ್ರ ನಮ್ಮ ನುಡಿಯೊಳಗೆ ಅಧ್ಯಾತ್ಮದ ರೂಪಕವಾಗಿ ಇಷ್ಟು ಸಲೀಸಾಗಿ ಕೂತದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರುಗಳ ಮೇಲೆ ಹರಿಹರದತ್ತ ಸಾಗಿತು. ಹಾನಗಲ್ಲ ಮತ್ತು ಹಿರೇಕೆರೂರು ಹಳಿಯಿಂದ ದೂರವೇ ಉಳಿದವು.

ಬೀಜದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 20ನೆಯ ಶತಮಾನದಲ್ಲಿ ಮೆಂಡಲನ ಆನುವಂಶಿಕ ನಿಯಮಗಳು ತಳಿ ಶಾಸ್ತ್ರಕ್ಕೆ ತಳಹದಿಯಾದವು. ಧಾರವಾಡ-ಅಮೆರಿಕನ್‌ನಿಂದ ಆಯ್ದು ಗದಗ-1 ತಳಿ ಬಂತು, ಅದರ ಸಂಕರದಿಂದ ಲಕ್ಷ್ಮಿ ತಳಿ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿ ಅವರು ಲಕ್ಷ್ಮಿಯನ್ನು ತಾಯಿಯಾಗಿಟ್ಟು ಬೇರೆ ಪ್ರಭೇದದ ಹತ್ತಿಯೊಡನೆ ಸಂಕರಿಸಿ ವರಲಕ್ಷ್ಮಿ ಕೊಟ್ಟರು. ಎರಡು ಪ್ರಭೇದಗಳ ನಡುವಿನ ಹೈಬ್ರಿಡ್ ಹತ್ತಿ ವಾಣಿಜ್ಯ ಬೆಳೆಯಾದದ್ದು ಜಗತ್ತಿನಲ್ಲೇ ಅದು ಮೊದಲು. 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು.

ಹೈಬ್ರಿಡ್ ಬೀಜ ಮಾಡುವುದು ಕೈಕೆಲಸ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆ ಬಿಡಿಸಿ, ಒಳಗಿನ ಪರಾಗಕೋಶಗಳನ್ನು ಉಗುರಿನಿಂದ ಸವರಿ ತೆಗೆದು ಬಣ್ಣದ ಕಾಗದ ಮುಚ್ಚಬೇಕು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಮುಟ್ಟಿಸಿ ದಾರ ಕಟ್ಟಬೇಕು. ಒಂದೊಂದು ಹೂವಿಗೂ ಇಷ್ಟೂ ಕೆಲಸ. ರಾಣೆಬೆನ್ನೂರನ್ನು ನಡುವಾಗಿಟ್ಟುಕೊಂಡು ಹಾವೇರಿ ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು ಹೆಣ್ಣುಮಕ್ಕಳ ಈ ಬೆರಳುಗಳಿಂದ. ವಿಜ್ಞಾನಿಯ ಹೆಸರು ಉಳಿದಂತೆ ಅವರ ಹೆಸರು ಯಾವ ದಾಖಲೆಯಲ್ಲೂ ಉಳಿಯದಿರುವುದು ದೊಡ್ಡ ಅನ್ಯಾಯ.

ಸಾಹುಕಾರಿ ಸಾಲಕ್ಕೆ ಎದುರಾಗಿ ಬಂದ ವಿಚಾರ ಸಹಕಾರ. ಜರ್ಮನಿಯ ರೈಫೈಸನ್ ಹಳ್ಳಿಗಳಲ್ಲಿ ಕಟ್ಟಿದ ಸಾಲ ಸಂಘಗಳ ಮಾದರಿಯನ್ನು 1904ರ ಕಾಯ್ದೆ ಭಾರತಕ್ಕೆ ತಂದಿತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. 1916ರಲ್ಲಿ ಧಾರವಾಡದಲ್ಲಿ ಕೆಸಿಸಿ ಬ್ಯಾಂಕು ಹುಟ್ಟಿ ಜಿಲ್ಲೆಯ ತಾಲ್ಲೂಕುಗಳ ಸಂಘಗಳಿಗೆ ಆಸರೆಯಾಯಿತು.

ಒಡೆತನದ ಪ್ರಶ್ನೆ ಆಮೇಲೆ ಬಂತು. 1948ರ ಮುಂಬಯಿ ಗೇಣಿ ಕಾಯ್ದೆಯಿಂದ ಶುರುವಾಗಿ, ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕಾನೂನಿನ ಬಲ ಬಂತು. ಗೇಣಿದಾರ ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಅವನ ದೊಡ್ಡ ಸಾಕ್ಷಿ ಪಹಣಿಯಲ್ಲಿ ಸಾಗುವಳಿದಾರನ ಕಾಲಂ. ಕಂದಾಯ ವಸೂಲಿಗೆಂದು ಪರದೇಶಿ ಸರ್ಕಾರ ಹಾಕಿಕೊಟ್ಟ ಸರ್ವೆ ನಂಬರು ಬಡ ಒಕ್ಕಲಿನ ಹಕ್ಕುಪತ್ರಕ್ಕೆ ಆಧಾರವಾಯಿತು. ಅಲ್ಲಿ ಹೆಸರು ಬರೆಸಿಕೊಳ್ಳಲಾಗದವರು, ಕೂಲಿಯಾಳುಗಳು ಮಾತ್ರ ಹೊರಗೇ ಉಳಿದರು.

ಎಲ್ಲಕ್ಕಿಂತ ತಡವಾಗಿ ತಲುಪಿದ್ದು ಸಾರ್ವಜನಿಕ ನೈರ್ಮಲ್ಯದ ವಿಚಾರ. ಎಡ್ವಿನ್ ಚಾಡ್ವಿಕ್‌ನ 1842ರ ವರದಿಯಿಂದ ಇಂಗ್ಲೆಂಡಿನ ಊರುಗಳಿಗೆ ಒಳಚರಂಡಿ ಬಂತು. ಭಾರತದ ಪಟ್ಟಣಗಳು ನೈರ್ಮಲ್ಯದ ನಿಯಮಗಳನ್ನು ತಂದುಕೊಂಡು, ಕೊಳವೆ ಮಾಡಬೇಕಾದ ಕೆಲಸವನ್ನು ಒಂದು ಜಾತಿಯ ತಲೆಯ ಮೇಲೆ ಹೊರಿಸಿದವು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಆದರೂ 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆ ಕಚೇರಿ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾಡೇ ತಲೆತಗ್ಗಿಸಿದ ಆ ಘಟನೆಯಾಗಿ ಮೂರು ವರ್ಷಕ್ಕೆ, 2013ರಲ್ಲಿ, ಮಲ ಹೊರುವವರ ಪುನರ್ವಸತಿಯನ್ನೂ ಒಳಗೊಂಡ ಹೊಸ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾಗಿ ಅದೇ ಡಿಸೆಂಬರ್ 6ರಂದು ಜಾರಿಗೆ ಬಂತು.