ಮುಖ್ಯ ಚಿತ್ರಕ್ಕೆ ಮುಂಚಿನ ಐದು ನಿಮಿಷ

ಸೊರಟೂರ ಎಂದೊಡನೆ ಇತಿಹಾಸ ಬಲ್ಲವರಿಗೆ ನೆನಪಾಗುವುದು ಹನ್ನೆರಡನೆಯ ಶತಮಾನದ ಕೊನೆಯ ಕಾಳಗ. ಹೊಯ್ಸಳ ವೀರಬಲ್ಲಾಳನು ಸೇವುಣರ ಭಿಲ್ಲಮನನ್ನು ಸೋಲಿಸಿದ ಕಣ ಅದು. ನಾನು ಆ ಊರವನಾದರೂ ಇಲ್ಲಿ ಹೇಳಹೊರಟಿರುವುದು ಅರಸರ ಕಥೆಯಲ್ಲ. ನಮ್ಮ ಸೀಮೆಯ ಜನ ಸಿನಿಮಾ ನೋಡಲು ಹೋಗಿ, ನೋಡಿಯೂ ನೋಡದಂತೆ ಬಿಟ್ಟ ಒಂದು ಬಗೆಯ ಚಿತ್ರಗಳ ಕಥೆ.

1948ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಜನ್ ಹುಟ್ಟಿತು. ಅದರ ವಾರ್ತಾಚಿತ್ರ, ಕಿರುಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮುಂಚೆ ತೋರಿಸಲೇಬೇಕೆಂಬುದು ಕಟ್ಟಳೆ. ಮೇಲಾಗಿ ಗಳಿಕೆಯಲ್ಲಿ ನೂರಕ್ಕೆ ಒಂದು ಪಾಲನ್ನು ಬಾಡಿಗೆಯೆಂದು ಟಾಕೀಸಿನವನೇ ತೆರಬೇಕು. ಅವನು ಗೊಣಗುತ್ತಿದ್ದ. ಪ್ರೇಕ್ಷಕರಿಗಂತೂ ಅದು ಬೀಡಿ ಸೇದುವ, ಶೇಂಗಾ ಕೊಳ್ಳುವ ಹೊತ್ತು. ಆಣೆಕಟ್ಟು, ನೆರೆಹಾವಳಿ, ಮಂತ್ರಿಗಳ ಉದ್ಘಾಟನೆ - ಎಷ್ಟು ಸಲ ನೋಡುವುದು ಹೇಳಿ! ಆದರೆ ಅರವತ್ತರ ದಶಕದ ಉತ್ತರಾರ್ಧದಲ್ಲಿ ಇದೇ ಸರಕಾರಿ ಕಚೇರಿಯೊಳಗೆ ಒಂದು ಸೋಜಿಗ ನಡೆಯಿತು.

ಪ್ಯಾರಿಸಿನ ಯುನೆಸ್ಕೋದಲ್ಲಿದ್ದ ಜಾನ್ ಭೌನಗರಿ 1965ರಲ್ಲಿ ಸಲಹೆಗಾರರಾಗಿ ಬಂದರು. ಅವರು ಜಾದೂವಿದ್ಯೆಯನ್ನೂ ಬಲ್ಲವರು. ಹೊಸತನ್ನು ಮಾಡುವವರಿಗೆ ಬೆನ್ನು ತಟ್ಟುವುದು ಅವರ ಸ್ವಭಾವ. ಹಾಗೆ ಬೆನ್ನು ತಟ್ಟಿಸಿಕೊಂಡವರಲ್ಲಿ ಒಬ್ಬರು ಒರಿಸ್ಸಾದ ಪ್ರಮೋದ ಪತಿ. ಪ್ರಾಗಿನಲ್ಲಿ ಗೊಂಬೆಚಿತ್ರಗಳ ಗುರು ಯಿರ್ಝಿ ತ್ರ್ನಕಾ ಅವರ ಬಳಿ ಕಲಿತು ಬಂದವರು. ಗೊಂಬೆಯನ್ನು ಜೀವಂತ ಮನುಷ್ಯನಂತೆ ಕುಣಿಸುವುದನ್ನು ಅಲ್ಲಿ ಕಲಿತರು. ಇಲ್ಲಿಗೆ ಬಂದು ಜೀವಂತ ಮನುಷ್ಯನನ್ನೇ ಗೊಂಬೆ ಮಾಡಿದರು.

ಇದಕ್ಕೆ ಪಿಕ್ಸಿಲೇಶನ್ ಎಂದು ಹೆಸರು. ಮನುಷ್ಯನನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯುವುದು. ಅವನು ಗೇಣು ಸರಿದ ಮೇಲೆ ಇನ್ನೊಂದು. ಪ್ರತಿ ಸಲ ನೆಗೆದಾಗಲೇ ಚಿತ್ರ ಹಿಡಿದರೆ, ತೆರೆಯ ಮೇಲೆ ಅವನು ನೆಲ ಮುಟ್ಟದೆ ತೇಲಿಹೋಗುತ್ತಾನೆ. ಸೆಕೆಂಡಿಗೆ 24 ಚಿತ್ರಗಳಂತೆ ಐದು ನಿಮಿಷಕ್ಕೆ 7200! ಕಲೆ ತೀರ ಹೊಸದೇನಲ್ಲ. ನಮ್ಮ ಫಾಲ್ಕೆಯವರು 1915ರಲ್ಲೇ ಬೆಂಕಿಕಡ್ಡಿಗಳನ್ನು ಹೀಗೆ ಆಡಿಸಿದ್ದರು. ಕೆನಡಾದ ನಾರ್ಮನ್ ಮ್ಯಾಕ್‌ಲಾರೆನ್ 1952ರ 'ನೇಬರ್ಸ್' ಚಿತ್ರದಲ್ಲಿ ಇಬ್ಬರು ನೆರೆಯವರನ್ನು ಒಂದು ಹೂವಿಗಾಗಿ ಹೀಗೆಯೇ ಬಡಿದಾಡಿಸಿ ಆಸ್ಕರ್ ಪಡೆದ.

ಪತಿಯವರದು 1968ರಲ್ಲಿ 'ಎಕ್ಸ್‌ಪ್ಲೋರರ್', 1970ರಲ್ಲಿ 'ಟ್ರಿಪ್', 1972ರಲ್ಲಿ 'ಆಬಿದ್'. 'ಎಕ್ಸ್‌ಪ್ಲೋರರ್'ನಲ್ಲಿ ಕುಣಿಯುವ ತರುಣರು, ದೇವರ ಮೂರ್ತಿಗಳು, ಪ್ರಯೋಗಶಾಲೆಯ ಯಂತ್ರಗಳು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಒಂದರ ಮೇಲೊಂದು ಎರಗುತ್ತವೆ. ನನಗೆ ಅದು ಪೂರ್ತಿ ಒಗ್ಗಿಲ್ಲ, ತಲೆ ಸಿಡಿಯುತ್ತದೆ. 'ಆಬಿದ್' ಹಾಗಲ್ಲ. ಚಿತ್ರಕಾರ ಆಬಿದ್ ಸುರತಿ ಒಂದು ಖೋಲಿಯೊಳಗೆ ಹೊಕ್ಕು ಗೋಡೆಗಳನ್ನೆಲ್ಲ ಬಣ್ಣಬಣ್ಣದ ಚಿತ್ರಗಳಿಂದ ತುಂಬುತ್ತಾನೆ. ಚಿತ್ರ ಬೆಳೆದಂತೆ ಮನುಷ್ಯ ಯಾವುದು, ಬಣ್ಣ ಯಾವುದು ತಿಳಿಯದಾಗುತ್ತದೆ. ಸ್ವಪ್ನದಲ್ಲಿ ಆಗುವುದೂ ಹೀಗೆಯೇ ಅಲ್ಲವೆ?

ಇಂಥ ಚಿತ್ರಗಳು ಬುದ್ಧಿವಂತರಿಗೆ ಮಾತ್ರ, ಹಳ್ಳಿಯವರಿಗೆ ತಿಳಿಯಲಾರವೆಂಬ ಮಾತು ಆಗಲೂ ಇತ್ತು, ಈಗಲೂ ಇದೆ. ನಾನು ಇದನ್ನು ಒಪ್ಪಲಾರೆ. ಚಿಕ್ಕಂದಿನಲ್ಲಿ ಒಮ್ಮೆ ಡೇರೆಯೊಳಗೆ ಕುಟುಂಬ ಯೋಜನೆಯ ಯಾವುದೋ ಕಿರುಚಿತ್ರ ನಡೆದಿತ್ತು. ಜನರು ಕಾಲೆತ್ತದೆ ಸರಸರನೆ ಜಾರುತ್ತಿದ್ದರು. ಪಕ್ಕದಲ್ಲಿದ್ದ ನಮ್ಮ ಕಾಕಾ ತೊಡೆ ತಟ್ಟಿ ನಕ್ಕು, "ಲೇ ತಮ್ಮಾ, ಇದು ಕಿಳ್ಳೇಕ್ಯಾತರ ಆಟ ಇದ್ದಂಗ ಐತಲ್ಲೊ!" ಎಂದರು.

ಕಾಕಾ ಅಕ್ಷರ ಕಲಿತವರಲ್ಲ. ಆದರೆ ತೊಗಲುಗೊಂಬೆಯಾಟವನ್ನು ರಾತ್ರಿಯೆಲ್ಲ ಎಚ್ಚರಿದ್ದು ನೋಡಿದವರು. ಆ ಬಿಳಿಯ ಪರದೆಯ ಮೇಲೆ ದೊರೆಯ ಗೊಂಬೆ ದೊಡ್ಡದು, ಆಳಿನ ಗೊಂಬೆ ಗಿಡ್ಡದು. ಅಳತೆಯೆಂಬುದು ಕಣ್ಣಿನದಲ್ಲ, ಅಂತಸ್ತಿನದು. ರಾಮಾಯಣ ರಂಗೇರಿದಾಗಲೇ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನುಗ್ಗಿ ಊರ ಹಾದಿಬೀದಿಯ ಮಾತಾಡುತ್ತಾರೆ. ಪರದೆಯ ಹಿಂದೆ ಜೀವಂತ ಮನುಷ್ಯನ ಕೈ, ದನಿ. ಮುಂದೆ ಬಣ್ಣದ ನೆರಳು. ಇದನ್ನು ಕಂಡು ಬೆಳೆದ ಕಣ್ಣಿಗೆ ಪತಿಯವರ ತೇಲುವ ಮನುಷ್ಯ ಪರಕೀಯನೆನಿಸಬೇಕಾದ ಕಾರಣವಿಲ್ಲ. ಪ್ಯಾರಿಸಿನ ಕಲಾವಿದರು ಅತಿವಾಸ್ತವವೆಂದು ಹೆಸರಿಟ್ಟು ಘೋಷಣಾಪತ್ರ ಹೊರಡಿಸಿದ್ದು 1924ರಲ್ಲಿ. ನಮ್ಮ ಗೊಂಬೆಯವರು ಹೆಸರಿಡುವ ಗೋಜಿಗೇ ಹೋಗಲಿಲ್ಲ.

ಪ್ರಮೋದ ಪತಿ 1975ರಲ್ಲಿ, ನಾಲ್ವತ್ತು ದಾಟಿದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಕಿರುಚಿತ್ರ ತೋರಿಸಲೇಬೇಕೆಂಬ ಕಟ್ಟಳೆ ಸಡಿಲಿತು, ಡೇರೆಗಳು ಎದ್ದುಹೋದವು. 2022ರಲ್ಲಿ ಫಿಲ್ಮ್ಸ್ ಡಿವಿಜನ್ ಸಹ ಎನ್.ಎಫ್.ಡಿ.ಸಿ.ಯಲ್ಲಿ ವಿಲೀನವಾಯಿತು. ಮುಂಬಯಿಯ ಕಿರುಚಿತ್ರೋತ್ಸವದಲ್ಲಿ ಪ್ರಯೋಗಶೀಲ ಚಿತ್ರಕ್ಕೆ ಪತಿಯವರ ಹೆಸರಿನ ಪ್ರಶಸ್ತಿಯಿದೆ. ಅಲ್ಲಿಯೇ ಜೀವಮಾನದ ಸಾಧನೆಗೆ ಕೊಡುವ ಪ್ರಶಸ್ತಿ ವಿ. ಶಾಂತಾರಾಮರ ಹೆಸರಿನದು. ಅವರು ಹುಡುಗನಾಗಿದ್ದಾಗ ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಬಳಿಕ ತಗಡಿನ ಸಿನಿಮಾ ಮಂದಿರವೊಂದರಲ್ಲಿ ಬಾಗಿಲು ಕಾಯ್ದವರು.