ಆರೋಗ್ಯಕರ ವಾರ್ಧಕ್ಯ: ನಿತ್ಯದ ರೂಢಿಗಳ ಪಾತ್ರ

ರೋಗವೇ ಇಲ್ಲದ ಮುಪ್ಪು ಮಾತ್ರ ಆರೋಗ್ಯಕರವೆಂಬ ತಿಳಿವಳಿಕೆ ಸರಿಯಲ್ಲ. ತನಗೆ ಮುಖ್ಯವೆನಿಸಿದ ಕೆಲಸಗಳನ್ನು ಮಾಡಿಕೊಂಡು ಬಾಳುವ ಸಾಮರ್ಥ್ಯವನ್ನು ಬೆಳೆಸಿ ಉಳಿಸಿಕೊಳ್ಳುವುದೇ ಆರೋಗ್ಯಕರ ವಾರ್ಧಕ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯ 2015ರ ವರದಿ ವಿವರಿಸುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಲೇ ತೋಟಕ್ಕೆ ಹೋಗಿಬರುವ ಹಿರಿಯರೂ ಈ ಅರ್ಥದಲ್ಲಿ ಆರೋಗ್ಯವಂತರು. 2011ರ ಜನಗಣತಿಯಂತೆ 60 ವರ್ಷ ತುಂಬಿದವರ ಪ್ರಮಾಣ ದೇಶದಲ್ಲಿ ಶೇ. 8.6 ಇದ್ದರೆ, ಕೇರಳದಲ್ಲಿ ಶೇ. 12.6 ಇತ್ತು. ಆದುದರಿಂದ ಗಡಿನಾಡಿನ ಮನೆಗಳಿಗೆ ಈ ವಿಷಯ ದೂರದ್ದಲ್ಲ.

ದೇಹದ ಚಲನೆ

ವಯಸ್ಸಾದಂತೆ ಸ್ನಾಯುಗಳು ಕುಗ್ಗುತ್ತವೆ, ಸಮತೋಲನ ತಪ್ಪುತ್ತದೆ. ಒಂದು ಬೀಳುವಿಕೆಯಿಂದ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುವುದುಂಟು. 65 ಮೀರಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು ಅಥವಾ ಅದಕ್ಕೆ ಸಮನಾದ ಶ್ರಮ ಮಾಡಬೇಕು. ಎರಡು ದಿನ ಸ್ನಾಯುಬಲದ, ಮೂರು ದಿನ ಸಮತೋಲನದ ಅಭ್ಯಾಸವೂ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೈಯೂರದೆ ಕುರ್ಚಿಯಿಂದ ಹಲವು ಬಾರಿ ಏಳುವುದು, ಗೋಡೆಯ ಆಸರೆಯಲ್ಲಿ ಒಂಟಿಗಾಲಲ್ಲಿ ನಿಲ್ಲುವುದು ಮನೆಯಲ್ಲೇ ಸಾಧ್ಯ. ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ಆಹಾರ

ಹಸಿವು ಕುಗ್ಗಿದ ಹಿರಿಯರು ಗಂಜಿ, ಚಹಾಗಳಲ್ಲೇ ದಿನ ಕಳೆಯುವುದು ಸಾಮಾನ್ಯ. ಇದರಿಂದ ಪ್ರೋಟೀನ್ ಕೊರತೆಯಾಗುತ್ತದೆ. ಬೇಳೆ, ಮೊಸರು, ಮೊಟ್ಟೆ, ಮೀನುಗಳಲ್ಲಿ ರೂಢಿಯಿರುವುದನ್ನು ಪ್ರತಿ ಊಟದಲ್ಲೂ ಸೇರಿಸಬೇಕು. ಹೊಸೂರು, ತಾಳವಾಡಿ ಕಡೆಯ ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದಂಶ ಹೇರಳವಾಗಿದೆ. ಸೊಲ್ಲಾಪುರ, ಜತ್ತ ಭಾಗದ ಜೋಳದ ರೊಟ್ಟಿಯಲ್ಲಿ ನಾರಿನಂಶವಿದೆ. ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕಕ್ಕೆ ಸೇರಿದೆ.

ಎಲೆಅಡಿಕೆ

ಅಡಿಕೆ ಕಾಸರಗೋಡಿನ ಅನೇಕ ಕುಟುಂಬಗಳ ಜೀವನಾಧಾರ. ಆದರೂ ಸತ್ಯವನ್ನು ಹೇಳದೆ ವಿಧಿಯಿಲ್ಲ: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪು ಸೇರಿಸದ ಎಲೆಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬಾಯಿ ಪೂರ್ತಿ ತೆರೆಯಲಾಗದಿರುವುದು, ಖಾರ ತಾಗಿದರೆ ಉರಿ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡುಬಂದರೆ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು.

ಕಿವಿ, ನುಡಿ, ಒಡನಾಟ

ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2024ರಲ್ಲಿ ಮರೆಗುಳಿತನಕ್ಕೆ ಸಂಬಂಧಿಸಿದ 14 ಅಪಾಯಕಾರಿ ಅಂಶಗಳನ್ನು ಗುರುತಿಸಿತು. ಇವನ್ನೆಲ್ಲ ನಿವಾರಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಧೂಮಪಾನ, ಮಧುಮೇಹ, ರಕ್ತದೊತ್ತಡಗಳ ಜೊತೆಗೆ ಕಿವುಡುತನ ಮತ್ತು ಒಂಟಿತನವೂ ಆ ಪಟ್ಟಿಯಲ್ಲಿವೆ.

ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಕುರಿತು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ಮರೆಗುಳಿತನ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡುದನ್ನು ತಿಳಿಸಿತು. ಅಕ್ಷರ ತಿಳಿಯದವರಲ್ಲೂ ಈ ಅಂತರವಿತ್ತು. ಭಾಷೆಯೊಂದೇ ರೋಗವನ್ನು ತಡೆಯುವುದೆಂದು ಇದರಿಂದ ಸಿದ್ಧವಾಗದು. ಆದರೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು ಆಡುತ್ತ ಬಂದ ನಮ್ಮ ಹಿರಿಯರಿಗೆ ಈ ಅಭ್ಯಾಸವು ಹೊರೆಯಲ್ಲ, ಗಳಿಕೆಯೆಂಬುದಕ್ಕೆ ಇದೊಂದು ಆಧಾರ.

ಆ ಗಳಿಕೆ ಉಳಿಯಬೇಕಾದರೆ ಮಾತಿಗೆ ಜನ ಬೇಕು. ಮೊಮ್ಮಕ್ಕಳು ಅಜ್ಜ ಅಜ್ಜಿಯರೊಡನೆ ಕನ್ನಡದಲ್ಲಿ ಮಾತನಾಡುವುದು, ಕಿವಿ ಮಂದವಾದಾಗ ಶ್ರವಣಯಂತ್ರ ಕೊಡಿಸುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಔಷಧಿಯ ವೇಳೆಯನ್ನು ಕನ್ನಡದಲ್ಲಿ ಬರೆದುಕೊಡುವುದು, ಇವು ಹಿರಿಯರ ಆರೋಗ್ಯಕ್ಕಾಗಿ ಕಿರಿಯರು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು.