ಜಮಖಂಡಿಯಲ್ಲಿ ಕಂಡ ಗೆರೆ

ಜಯನಗರದ ಶಾಲೆಯಲ್ಲಿ ನನ್ನ ಪಾಠ ಕೇಳಿದವರಿಗೆ ಸ್ಪಿರಿಟ್ ದೀಪದ ಪ್ರಯೋಗ ನೆನಪಿರಬಹುದು. ಜ್ವಾಲೆಗೆ ಒಂದು ಚಿಟಿಕೆ ಅಡುಗೆ ಉಪ್ಪು ಬಿದ್ದೊಡನೆ ಅದು ಅರಿಶಿನದ ಬಣ್ಣಕ್ಕೆ ತಿರುಗುತ್ತಿತ್ತು. ಆ ಪಾಠದ ಕೊನೆಯಲ್ಲಿ ಹೀಲಿಯಂ ಪತ್ತೆಯಾದ ಕಥೆಯನ್ನೂ ಹೇಳುತ್ತಿದ್ದೆ. ಒಮ್ಮೆ ಜಮಖಂಡಿಯಿಂದ ಬಂದು ಸೇರಿದ್ದ ಹುಡುಗನೊಬ್ಬ, "ಸರ, ನಮ್ಮ ಕಡೆ ಇಂಥಾದ್ದೇನೂ ನಡದಿಲ್ಲೇನ್ರಿ?" ಎಂದು ಕೇಳಿದ. "ಇಲ್ಲಪ್ಪ" ಎಂದುಬಿಟ್ಟೆ. ತರಗತಿ ನಕ್ಕಿತು. ನನ್ನ ಉತ್ತರ ತಪ್ಪೆಂದು ನನಗೆ ತಿಳಿದದ್ದು ನಿವೃತ್ತಿಯ ನಂತರ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಬಿಜಾಪುರ, ಜಮಖಂಡಿಗಳ ಮೇಲೆ ಹಾದು ಗುಂಟೂರಿನತ್ತ ಸಾಗಿತು. ಜಮಖಂಡಿಯಲ್ಲಿ ರೋಹಿತದರ್ಶಕವನ್ನು ಹೂಡಿಕೊಂಡು ಕಾದಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಮೋಡಗಳು ಕಾಡಿದವು. ಅವು ಸರಿದ ಕ್ಷಣಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಯಿಂದ ಬಂದ ಬೆಳಕು ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಹೊಳೆವ ಗೆರೆಗಳಾಗಿ ಕಂಡಿತು. ಆ ಜ್ವಾಲೆ ಕಾದ ಅನಿಲವೆಂಬುದಕ್ಕೆ ಇದೇ ಸಾಕ್ಷಿ. ಕಿತ್ತಳೆ ಗೆರೆಯನ್ನು ಅವನು ಸೋಡಿಯಂನದೆಂದು, ಅಂದರೆ ನಮ್ಮ ಉಪ್ಪಿನ ಗೆರೆಯೆಂದೇ ಬಗೆದ.

ಬೆಳಕು ಹೀಗೆ ಬಿಡಿಬಿಡಿ ಗೆರೆಗಳಾಗಿ ಬರುವುದೇಕೆ ಎಂಬುದಕ್ಕೆ 1913ರಲ್ಲಿ ನೀಲ್ಸ್ ಬೋರ್ ದಾರಿ ತೋರಿದ. ಪರಮಾಣುವಿನ ಶಕ್ತಿ ಇಳಿಜಾರಿನಂತಲ್ಲ, ಮೆಟ್ಟಿಲುಗಳಂತೆ. ಎರಡು ಮೆಟ್ಟಿಲುಗಳ ನಡುವೆ ನಿಲ್ಲಲು ಎಡೆಯಿಲ್ಲ. ಮೇಲೇರಲು ಬೇಕಾದಷ್ಟೇ ಶಕ್ತಿಯ ಬೆಳಕನ್ನು ಅದು ಹೀರುತ್ತದೆ. ಇಳಿಯುವಾಗ ಅಷ್ಟನ್ನೇ ಹೊಮ್ಮಿಸುತ್ತದೆ. ಒಂದೊಂದು ಧಾತುವಿನ ಮೆಟ್ಟಿಲುಗಳ ಅಳತೆ ಒಂದೊಂದು ಬಗೆಯಾದ್ದರಿಂದ ಗೆರೆಗಳೇ ಅದರ ಗುರುತು.

ಅದೇ ವರ್ಷದ, ಎಂದರೆ 1868ರ, ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣವಿಲ್ಲದೆಯೇ ಆ ಗೆರೆಯನ್ನು ಕಂಡು, ಅದು ಸೋಡಿಯಂನ ಗೆರೆಗಳೊಂದಿಗೆ ಕೂಡುವುದಿಲ್ಲವೆಂದು ಗುರುತಿಸಿದ. ಸೋಡಿಯಂನ ಜೋಡಿ ಗೆರೆಗಳು 589.0 ಮತ್ತು 589.6 ನ್ಯಾನೊಮೀಟರಿನಲ್ಲಿವೆ, ಇದು 587.6ರಲ್ಲಿ. ಒಂದೂವರೆ ನ್ಯಾನೊಮೀಟರಿಗೂ ಕಡಿಮೆಯಾದ ಆ ಅಂತರದಲ್ಲಿ ಹೊಸ ಧಾತುವೊಂದು ಅಡಗಿತ್ತು. ಸೂರ್ಯನ ಗ್ರೀಕ್ ಹೆಸರಿನಿಂದ ಅದು ಹೀಲಿಯಂ ಆಯಿತು. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಅದನ್ನು ಭೂಮಿಯ ಖನಿಜವೊಂದರಿಂದ ಹೊರತೆಗೆದ.

ಹರ್ಷೆಲ್ ಗೆರೆಯನ್ನು ಕಂಡೂ ಗುರುತು ತಪ್ಪಿದ. ನಾನಾದರೋ ನೋಡುವ ಮೊದಲೇ ಇಲ್ಲವೆಂದೆ. ಅವನ ತಪ್ಪು ದೊಡ್ಡದಲ್ಲ.

ಜಮಖಂಡಿಯ ಹುಡುಗನೇ, ಈಗ ಎಲ್ಲಿದ್ದೀಯೋ ತಿಳಿಯದು. ಇದನ್ನು ಓದಿದರೆ ಅಂದಿನ ಉತ್ತರವನ್ನು ತಿದ್ದಿಕೊಳ್ಳಪ್ಪ: ನಡೆದಿದೆ, ನಿಮ್ಮ ಊರಿನಲ್ಲಿಯೇ ನಡೆದಿದೆ.